ಬಟ್ಟೆಗೆ ಮೂರು ಸ್ಟಾರ್

ಕುಂದಾಪುರದ ಜವಳಿ ಅಂಗಡಿಯೊಂದರಲ್ಲಿ ನಾನು ಕೆಲವು ವರ್ಷ ಸೀರೆ ಬಿಡಿಸಿ ತೋರಿಸುವ ಕೆಲಸ ಮಾಡಿದೆ. ಅಂಗಡಿಯ ಹೆಸರು ಬೇಡ. ಆ ಮನೆಯವರು ಈಗಲೂ ಅಲ್ಲೇ ವ್ಯಾಪಾರ ಮಾಡಿಕೊಂಡಿದ್ದಾರೆ, ನನಗೂ ಆ ರಸ್ತೆಯಲ್ಲಿ ಓಡಾಡುವುದಿದೆ.

ಅಂಗಡಿಯಲ್ಲಿ ಗಿರಾಕಿಗಳಿಗೆ ಕೂರಲು ಮೆತ್ತನೆಯ ಕುರ್ಚಿಗಳಿದ್ದವು. ಕೆಲಸದವರಿಗೆ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದು, ಗುಡಿಸಿ, ದೇವರ ಪಟಕ್ಕೆ ಊದುಕಡ್ಡಿ ಹಚ್ಚಿದ ಮೇಲೆ ರಾತ್ರಿ ಶಟರ್ ಎಳೆಯುವವರೆಗೆ ನಾವು ನಿಂತೇ ಇರಬೇಕು. ಮಧ್ಯಾಹ್ನ ಮಹಡಿಯ ಗೋದಾಮಿನಲ್ಲಿ ಊಟಕ್ಕೆ ಕೂತಷ್ಟೇ ಕೂತದ್ದು. ಮಳೆಗಾಲದಲ್ಲಿ ಅರ್ಧ ದಿನ ಒಬ್ಬ ಗಿರಾಕಿಯೂ ಬರುತ್ತಿರಲಿಲ್ಲ. ಆಗಲೂ ಕೂರುವ ಹಾಗಿಲ್ಲ. ಕೆಲಸದವರು ಕೂತಿದ್ದರೆ ಅಂಗಡಿ ಮಲಗಿದ ಹಾಗೆ ಕಾಣುತ್ತದೆ ಎಂಬುದು ದೊಡ್ಡ ಧಣಿಯ ನಂಬಿಕೆ. ಅದನ್ನು ಅವರು ಬೈದು ಹೇಳಿದವರಲ್ಲ. ಯಾರಾದರೂ ಬಟ್ಟೆಯ ಕಟ್ಟಿನ ಮೇಲೆ ಒಂದು ಗಳಿಗೆ ಸೊಂಟ ಊರಿದರೆ ಗಲ್ಲಾದ ಮೇಲಿಂದ ತಲೆ ಎತ್ತಿ ನೋಡುತ್ತಿದ್ದರು, ಅಷ್ಟೆ. ನಾವು ಎದ್ದುಬಿಡುತ್ತಿದ್ದೆವು.

ಕೂತು ಕೆಲಸ ಮಾಡುತ್ತಿದ್ದವರು ಇಬ್ಬರು. ಒಬ್ಬರು ದೊಡ್ಡ ಧಣಿ. ಇನ್ನೊಬ್ಬ, ಮೆಟ್ಟಿಲ ಕೆಳಗೆ ಮಿಷನ್ ಇಟ್ಟುಕೊಂಡು ಸೀರೆಗೆ ಫಾಲ್ ಹೊಲಿಯುತ್ತಿದ್ದ ಶಿರೂರಿನ ಟೈಲರ್. ನಮ್ಮದೇ ಪ್ರಾಯದವನು, ಮದುವೆಯಾಗಿತ್ತು. ಅವನಿಗೆ ಸಂಬಳ ಇಲ್ಲ, ಸೀರೆಗೆ ಇಷ್ಟು ಅಂತ. ಮಾತು ಬಹಳ ಕಡಿಮೆ. ಅವನ ಕುರ್ಚಿಯಿಂದ ನೋಡಿದರೆ ನಮ್ಮ ಕೌಂಟರು ನೇರ ಎದುರಿಗಿತ್ತು.

ನನ್ನ ಜೊತೆ ರೇಷ್ಮೆ ವಿಭಾಗದಲ್ಲಿ ಸಾಲಿಗ್ರಾಮದ ಹುಡುಗಿಯೊಬ್ಬಳಿದ್ದಳು. ಅವಳ ತಂದೆ ದೇವಸ್ಥಾನದಲ್ಲಿ ಹೂವು ಕಟ್ಟಿ, ಪಾತ್ರೆ ತೊಳೆದು ಇದ್ದವರು. ನಮ್ಮದು ತ್ರಾಸಿಯಲ್ಲಿ ಮೀನಿನ ಮನೆ. ಅವಳು ತೆಂಕಣ ಬಸ್ಸಿನಲ್ಲಿ, ನಾನು ಬಡಗಣ ಬಸ್ಸಿನಲ್ಲಿ ಬಂದು ಶಾಸ್ತ್ರಿ ಸರ್ಕಲ್ಲಿನಲ್ಲಿ ಇಳಿದು ಒಟ್ಟಿಗೆ ನಡೆದು ಬರುತ್ತಿದ್ದೆವು. ಅವಳಿಗಾಗಿ ನಾನು ವಾರದಲ್ಲಿ ಎರಡು ಮೂರು ದಿನ ಮೀನಿಲ್ಲದ ಪದಾರ್ಥ ತರುತ್ತಿದ್ದೆ. ಅವಳು ತರುವ ಮಾವಿನಕಾಯಿ ಗೊಜ್ಜಿಗೆ ನಾನು ಕಾದಿರುತ್ತಿದ್ದೆ. ಸಂಜೆಯಾಗುತ್ತಲೇ ಅವಳ ಕಾಲು ಬಾತುಕೊಳ್ಳುತ್ತಿತ್ತು. ಚಪ್ಪಲಿಯ ಪಟ್ಟಿ ಹೂತುಹೋಗಿ ಗೆರೆ ಬೀಳುವಷ್ಟು.

ಮನೆಯಲ್ಲಿ ಇದನ್ನು ಹೇಳಿದರೆ ಅಮ್ಮನಿಗೆ ತಲೆಗೆ ಹೋಗುತ್ತಿರಲಿಲ್ಲ. ತೊಂಬತ್ತೇಳರಲ್ಲಿ, ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಅವಳು ಗೇರುಬೀಜದ ಕಾರ್ಖಾನೆಗೆ ಸೇರಿದವಳು. ಅಲ್ಲಿ ಇಡೀ ದಿನ ನೆಲದಲ್ಲಿ ಕೂತು ಬೀಜದ ಸಿಪ್ಪೆ ತೆಗೆಯುವುದು. ಕೂತೂ ಕೂತೂ ಮಂಡಿ ಹೋಗಿತ್ತು.

"ನಿಲ್ಲುಕೆ ಸಂಬ್ಳ ಕೊಡ್ತ್ರಲೆ, ಎಂತ ತೊಂದ್ರಿ ನಿಂಗೆ? ನಿತ್ಕಂಡವ್ರ್ ನಡೂಕಾದ್ರೂ ಆತ್" ಅನ್ನುತ್ತಿದ್ದಳು.

ಅವಳ ಕಾರ್ಖಾನೆ ಹೇಗಿದೆ ಎಂದು ನೆರೆಕರೆಯವರು ಯಾರಾದರೂ ಕೇಳಿದರೆ ಅಮ್ಮ ಮೊದಲು ಆಚೀಚೆ ನೋಡುತ್ತಿದ್ದಳು. ಆಮೇಲೆ, "ಯಾರಿಗ್ ಹೇಳುಕೆ ಕೇಂತ್ರಿ?" ಎಂದು ತಿರುಗಿ ಕೇಳುತ್ತಿದ್ದಳು. ನನಗೆ ಆಗ ನಗು ಬರುತ್ತಿತ್ತು.

ಹೊಸ ಸಿಮ್ಮು ಬಂದು ಎಲ್ಲರ ಫೋನಿಗೂ ನೆಟ್ಟು ಪುಕ್ಕಟೆಯಾದ ಸಮಯ ಅದು. ದೊಡ್ಡ ಧಣಿಯ ಮಗ ಮಂಗಳೂರಿನಲ್ಲಿ ಓದು ಮುಗಿಸಿ ಬಂದು ಅಂಗಡಿಗೆ ಕೂರತೊಡಗಿದ್ದ. ನಾವು ಸಣ್ಣ ಧಣಿ ಅನ್ನುತ್ತಿದ್ದೆವು. ಬಂದವನೇ ಮೊದಲು ಕ್ಯಾಮೆರಾ ಹಾಕಿಸಿದ. ಆಮೇಲೆ ಅಂಗಡಿಯನ್ನು ಫೋನಿನ ಮ್ಯಾಪಿಗೆ ಸೇರಿಸಿದ. ಗಿರಾಕಿಗಳು ಅದರಲ್ಲಿ ಸ್ಟಾರ್ ಕೊಟ್ಟು ನಾಲ್ಕು ಮಾತು ಬರೆಯಬಹುದು. ಯಾರಾದರೂ ಬರೆದರೆ ಜೋರಾಗಿ ಓದಿ ಹೇಳುತ್ತಿದ್ದ. 'ಗುಡ್ ಕಲೆಕ್ಷನ್', 'ಗುಡ್ ಸ್ಟಾಫ್'. ಸ್ಟಾಫ್ ಅಂದಾಗ ನಮ್ಮ ಕಡೆ ನೋಡಿ ನಗುತ್ತಿದ್ದ.

ಒಂದು ಬೆಳಿಗ್ಗೆ ಅವನು ಫೋನು ಹಿಡಿದುಕೊಂಡು ಗಲ್ಲಾದ ಹತ್ತಿರ ಸುಮ್ಮನೆ ನಿಂತಿದ್ದ. ಆಮೇಲೆ ನಮ್ಮನ್ನೆಲ್ಲ ಕರೆದು ಓದಿದ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕುಂದಾಪ್ರ ಭಾಷೆ.

"ಬಟ್ಟಿ ಒಳ್ಳೇದಿತ್, ಅದಕ್ಕೆ ಮೂರ್ ಸ್ಟಾರ್. ಕೆಲ್ಸ ಮಾಡು ಹೆಣ್ ಮಕ್ಳಿಗೆ ಕೂಕಂಬುಕೆ ಬಿಡುದಿಲ್ಲೆ, ಅದಕ್ಕೆ ಎರಡ್ ಕಟ್."

ಬರೆದವರ ಹೆಸರಿನ ಜಾಗದಲ್ಲಿ ಹೆಸರಿರಲಿಲ್ಲ, ಒಂದು ದಾಸವಾಳ ಹೂವಿನ ಚಿತ್ರ ಇತ್ತು.

ಸಣ್ಣ ಧಣಿ ಫೋನನ್ನು ಜೇಬಿಗಿಟ್ಟು, "ಇದು ಗಿರಾಕಿ ಬರೆದದ್ದಲ್ಲ" ಅಂದ. "ಗಿರಾಕಿಗೆ ಬಟ್ಟೆ ಕಾಣುತ್ತೆ, ನೀವು ಕೂತದ್ದು ನಿಂತದ್ದು ಕಾಣೂದಿಲ್ಲ. ಒಳಗಿನವರೇ ಬರೆದದ್ದು. ಇವತ್ತು ಸಂಜೆ ಒಳಗೆ ನನ್ನ ಹತ್ರ ಬಂದು ಹೇಳಿದ್ರೆ ಎಂತ ಮಾಡೂದಿಲ್ಲ."

ಸಂಜೆಯೊಳಗೆ ಯಾರೂ ಹೋಗಲಿಲ್ಲ. ಆದರೆ ನಾವೆಲ್ಲ ಒಬ್ಬರನ್ನೊಬ್ಬರು ನೋಡಲು ಶುರು ಮಾಡಿದ್ದೆವು. ನನ್ನ ಕಣ್ಣು ಹೋದದ್ದು ಸಾಲಿಗ್ರಾಮದವಳ ಕಡೆಗೆ. ಹಿಂದಿನ ವಾರವಷ್ಟೇ ಅವಳು ಗೋದಾಮಿನಲ್ಲಿ ಪಾದ ಒತ್ತಿಕೊಳ್ಳುತ್ತ, "ಇದನ್ ಯಾರಿಗಾದ್ರೂ ಹೇಳ್ಕ್ ಕಾಣ್" ಅಂದಿದ್ದಳು. ಇವಳೇ ಇರಬೇಕು ಅನ್ನಿಸಿತು. ಒಳಗೊಳಗೆ ಭೇಷ್ ಅನ್ನಿಸಿತು. ಅದರ ಜೊತೆಗೇ, ನನಗೂ ಒಂದು ಮಾತು ಹೇಳಲಿಲ್ಲವಲ್ಲ ಎಂದು ಚುಚ್ಚಿತು. ಬಸ್ ನಿಲ್ದಾಣಕ್ಕೆ ನಡೆಯುವಾಗ ಕೇಳಿದೆ, "ನೀ ಬರದ್ದಾ?"

ಅವಳು ತಟ್ಟನೆ ನಿಂತಳು. "ನಾ ನಿನ್ ಹತ್ರ ಕೇಂಬ ಅಂದೇಳಿ ಇದ್ದೆ" ಅಂದಳು.

"ನಾ ಅಲ್ಲ ಮಾರಾಯ್ತಿ."

"ನಾನೂ ಅಲ್ಲ."

ಇಬ್ಬರೂ ನಕ್ಕೆವು. ಆದರೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ನನಗೆ ಅವಳ ಮಾತು ಪೂರ್ತಿ ನಂಬಿಕೆಯಾಗಿರಲಿಲ್ಲ. ಅವಳಿಗೂ ಆಗಿರಲಿಕ್ಕಿಲ್ಲ.

ಮರುದಿನ ಮಧ್ಯಾಹ್ನ ಸಣ್ಣ ಧಣಿ ಎಲ್ಲರಿಗೂ ಫೋನು ತೆಗೆಯಲು ಹೇಳಿದ. ನಾವೂ ಅಂಗಡಿಗೆ ಸ್ಟಾರ್ ಕೊಡಬೇಕಂತೆ. "ನಿಮ್ಮ ಮನಸ್ಸಿಗೆ ಬಂದಷ್ಟು ಕೊಡಿ, ಒತ್ತಾಯ ಇಲ್ಲ" ಅಂತ ಹೇಳಿ, ಒಬ್ಬೊಬ್ಬರ ಹೆಗಲ ಹಿಂದೆ ಬಂದು ನಿಂತ. ಬೆರಳು ಐದನೆಯ ಸ್ಟಾರ್ ಒತ್ತುವವರೆಗೆ ಅಲ್ಲಾಡಲಿಲ್ಲ. ನಾನೂ ಐದು ಕೊಟ್ಟೆ. ಸಾಲಿಗ್ರಾಮದವಳೂ ಕೊಟ್ಟಳು. ಯಾರ ಫೋನಿನಲ್ಲೂ ದಾಸವಾಳ ಕಾಣದಾಗ, ಬರೆದವಳು ಬೇರೆ ಖಾತೆ ಮಾಡಿಕೊಂಡಿದ್ದಾಳೆ ಎಂದು ಗೊಣಗಿದ. ನಮ್ಮೆಲ್ಲರಿಗಿಂತ ಹಿರಿಯಳಾದ ಒಬ್ಬ ಅಕ್ಕ ಇದ್ದಳು, ಲಂಗ ರವಿಕೆ ಬಟ್ಟೆಯ ವಿಭಾಗದಲ್ಲಿ. ದೊಡ್ಡಕ್ಕ ಅಂತಲೇ ಕರೆಯುತ್ತಿದ್ದೆವು. ಸಣ್ಣ ಧಣಿ ಚಡ್ಡಿ ಹಾಕಿಕೊಂಡು ಅಂಗಡಿಗೆ ಬರುತ್ತಿದ್ದ ಕಾಲದಿಂದ ಅಲ್ಲಿದ್ದವಳು. ಅವಳದ್ದು ಒತ್ತುವ ಬಟನ್ನಿನ ಫೋನು.

"ನನ್ ಫೋನಗೂ ಸ್ಟಾರ್ ಇತ್ ಸಣ್ಣ ಧಣಿ" ಅಂದಳು ಗಂಭೀರವಾಗಿ. "ಬ್ಯಾಲೆನ್ಸ್ ಕಾಂಬುಕೆ ಒತ್ತುದ್. ಅದನ್ನೇ ಐದ್ ಸಲ ಒತ್ತ್ಲಾ?"

ಯಾರಿಗೂ ನಗಲು ಧೈರ್ಯ ಬರಲಿಲ್ಲ. ಮೆಟ್ಟಿಲ ಕೆಳಗೆ ಟೈಲರ್ ಮಾತ್ರ ಕೆಮ್ಮಿದ. ಅವನ ಫೋನನ್ನು ಸಣ್ಣ ಧಣಿ ಕೇಳಲೇ ಇಲ್ಲ. ಅವನು ಸ್ಟಾಫ್ ಅಲ್ಲವಲ್ಲ.

ಆ ವಾರ ಬಂದ ಒಬ್ಬ ಟೀಚರಮ್ಮ, ನಮ್ಮ ಹಳೆಯ ಗಿರಾಕಿ, ಸೀರೆ ನೋಡುತ್ತ ನೋಡುತ್ತ ನನ್ನ ಹತ್ತಿರ ಬಾಗಿ, "ಎಂತ ಮಾರಾಯ್ತಿ, ನಿಮ್ ಅಂಗ್ಡಿಗೆ ನೀವೇ ಮಾರ್ಕ್ ಹಾಕ್ಕಂಡ್ರಿಯಾ? ಒಂದೇ ದಿನ ಅಷ್ಟೂ ಜನ ಐದೈದ್?" ಎಂದು ಕೇಳಿದರು. ನಾನು ಸೀರೆಯ ಸೆರಗು ಬಿಡಿಸುವುದರಲ್ಲಿ ಮುಳುಗಿದವಳಂತೆ ಮಾಡಿದೆ. ಇವರನ್ನು ಸಣ್ಣ ಧಣಿಯೇ ಕೇಳಲು ಕಳಿಸಿದ್ದೋ ಏನೋ ಎಂಬ ಅನುಮಾನ. ಸ್ವಲ್ಪ ದಿನ ಹಿಂದೆ ಆಗಿದ್ದರೆ ಅಂಥ ಯೋಚನೆ ನನ್ನ ತಲೆಗೆ ಬರುತ್ತಿರಲಿಲ್ಲ.

ಆಮೇಲೆ ಹೊಸ ನಿಯಮ ಬಂತು. ರಜೆ ಬೇಕಾದರೆ ಬಾಯಲ್ಲಿ ಕೇಳುವ ಹಾಗಿಲ್ಲ, ಸಣ್ಣ ಧಣಿಗೆ ವಾಟ್ಸಾಪ್ ಮಾಡಬೇಕು. ಬಸ್ಸು ತಡವಾದರೂ ವಾಟ್ಸಾಪ್. ಇದೇನು ಹೊಸ ಶಿಸ್ತು ಅಂದುಕೊಂಡೆವು. ದೊಡ್ಡಕ್ಕನಿಗೆ ಹೊಳೆಯಿತು. "ನಿಮ್ ಅಕ್ಷರ ಕಾಂತಾ ಇದ್ದ" ಅಂದಳು ಊಟದ ಹೊತ್ತಿಗೆ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು ಬರೆಯುವಾಗ ಒಬ್ಬೊಬ್ಬರದು ಒಂದೊಂದು ರೀತಿ. 'ಇಲ್ಲೆ' ಎಂಬುದಕ್ಕೆ ಕೊನೆಯಲ್ಲಿ ಒಬ್ಬಳು ಒಂದು ಅಕ್ಷರ ಹಾಕಿದರೆ ಇನ್ನೊಬ್ಬಳು ಎರಡು ಹಾಕುತ್ತಾಳೆ. ಆ ಮೂರು ಸ್ಟಾರಿನ ಬರಹದಲ್ಲಿ ಹೇಗಿದೆಯೋ ಹಾಗೆ ಬರೆಯುವವಳು ಯಾರು ಎಂದು ಅವನು ಹುಡುಕುತ್ತಿದ್ದ. ಅಂದಿನಿಂದ ನಾನು ಬೇಕೆಂದೇ ದಿನಕ್ಕೊಂದು ರೀತಿ ಬರೆದೆ. ನನ್ನ ಸಂದೇಶ ನಾನೇ ಓದಿದರೆ ಯಾರೋ ಬರೆದದ್ದರ ಹಾಗೆ ಕಾಣುತ್ತಿತ್ತು.

ಮದುವೆಯ ಸೀಸನ್ನು ಹತ್ತಿರ ಬಂತು. ಒಂದು ದಿನ ಹೊಸ ಸ್ಟಾಕ್ ಎಣಿಸುವ ನೆಪದಲ್ಲಿ ಸಣ್ಣ ಧಣಿ ನನ್ನನ್ನು ಗೋದಾಮಿಗೆ ಕರೆದ. ಪೆಟ್ಟಿಗೆಯ ಮೇಲೆ ಕೂತು, ನನಗೂ ಕೂರಲು ಹೇಳಿದ. ನಾನು ಕೂರಲಿಲ್ಲ.

"ನಿನ್ನ ಫ್ರೆಂಡ್ ಎಲ್ಲ ಹೇಳಿದ್ಳು" ಅಂದ.

"ಎಂತ ಹೇಳಿದ್ದ್?"

"ಯಾರು ಬರೆದದ್ದು ಅಂತ. ನಿನ್ನ ಬಾಯಲ್ಲೂ ಕೇಳುವ ಅಂತ ಕರೆದೆ."

ಹೇಳುವುದಕ್ಕೆ ಏನಾದರೂ ಇದ್ದರೆ ತಾನೆ. "ನಂಗೊತ್ತಿಲ್ಲೆ" ಅಂದೆ. "ನಾ ಬರೀಲಿಲ್ಲ. ಯಾರ್ ಬರದ್ದ್ ಅಂದೇಳಿಯೂ ಗೊತ್ತಿಲ್ಲೆ."

"ಆಯ್ತು, ಹೋಗು" ಎಂದು ನಕ್ಕ. ಬೈದಿದ್ದರೆ ವಾಸಿಯಿತ್ತು.

ಕೆಳಗೆ ಬಂದರೆ ಸಾಲಿಗ್ರಾಮದವಳು ನನ್ನ ಮುಖ ನೋಡಿ ಕೂಡಲೇ ಕಣ್ಣು ತಪ್ಪಿಸಿದಳು. ಅಷ್ಟು ಸಾಕಾಯಿತು ನನಗೆ. ನನ್ನ ಹೆಸರು ಹೇಳಿದ್ದಾಳೆ ಅಂತಲೇ ತೀರ್ಮಾನಿಸಿದೆ. ಆಮೇಲೆ ಕಂಡದ್ದೆಲ್ಲ ಅದಕ್ಕೆ ಸಾಕ್ಷಿಯಾಗುತ್ತ ಹೋಯಿತು. ಅವಳು ಸಣ್ಣ ಧಣಿಗೆ ಚಾ ಕೊಟ್ಟರೂ ಸಾಕ್ಷಿ, ಫೋನನ್ನು ಬೋರಲು ಇಟ್ಟರೂ ಸಾಕ್ಷಿ. ಅವಳು ಊಟದ ಬುತ್ತಿ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ಕೂರತೊಡಗಿದಳು. ನಾನು ಕರೆಯಲಿಲ್ಲ. ದಿನಾ ಮೀನು ಸಾರೇ ತರತೊಡಗಿದೆ. ಸರ್ಕಲ್ಲಿನಲ್ಲಿ ನನ್ನ ಬಸ್ಸು ಮೊದಲು ಬಂದರೆ ನಾನು ಕಾಯುತ್ತಿರಲಿಲ್ಲ. ಅವಳದು ಮೊದಲು ಬಂದರೆ ಅವಳೂ ಕಾಯುತ್ತಿರಲಿಲ್ಲ.

ಹೀಗೆ ಕೆಲವು ವಾರ. ಒಂದು ಶನಿವಾರ ಮಧ್ಯಾಹ್ನ, ಬೈಂದೂರಿನ ಮದುವೆ ಪಾರ್ಟಿಯೊಂದು ಸೀರೆ ತೆಗೆದುಕೊಂಡು ಹೋಗಿ ಅಂಗಡಿ ಸ್ವಲ್ಪ ಖಾಲಿಯಾಗಿತ್ತು. ನಾವು ಬಿಡಿಸಿದ ಸೀರೆಗಳನ್ನು ಮಡಚುತ್ತಿದ್ದೆವು. ಸಣ್ಣ ಧಣಿ ಫೋನು ಹಿಡಿದು ನಮ್ಮ ಕೌಂಟರಿಗೆ ಬಂದು ಸಾಲಿಗ್ರಾಮದವಳ ಎದುರು ನಿಂತ. ಅವಳು ಹಿಂದಿನ ದಿನ ಕಳಿಸಿದ ರಜೆಯ ಸಂದೇಶವನ್ನೂ ಆ ಮೂರು ಸ್ಟಾರಿನ ಬರಹವನ್ನೂ ಒಂದರ ಮೇಲೊಂದು ತೋರಿಸಿದ.

"ಎರಡೂ ಒಂದೇ ಕೈ. 'ಇಲ್ಲೆ' ನೋಡು. ನಾಳೆಯಿಂದ ನೀನು ಬರೂದು ಬೇಡ."

ಅವಳು ಅಳಲಿಲ್ಲ. ಅರ್ಧ ಮಡಚಿದ ಸೀರೆಯನ್ನು ಕೌಂಟರಿನ ಮೇಲೆ ಇಟ್ಟಳು. ಸಣ್ಣ ಧಣಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ನೀನೇ ಹೇಳಿದ್ದಲ್ದಾ?" ಅಂದಳು.

ನಾನು ಅವಳನ್ನು ಕೇಳಬೇಕೆಂದಿದ್ದ ಮಾತನ್ನೇ ಅವಳು ನನಗೆ ಕೇಳಿದ್ದಳು.

ಆಗ ಮಿಷನ್ನಿನ ಸದ್ದು ನಿಂತಿತು. ಟೈಲರ್ ಎದ್ದು ನಿಂತಿದ್ದ. ಅವನು ನಿಂತದ್ದನ್ನು ನಾವು ನೋಡಿದ್ದೇ ಕಡಿಮೆ. ಅಷ್ಟು ಎತ್ತರ ಇದ್ದಾನೆಂದು ಗೊತ್ತೇ ಇರಲಿಲ್ಲ.

"ಅದ್ ನಾ ಬರದ್ದ್" ಅಂದ.

ಸಣ್ಣ ಧಣಿಗೆ ಅರ್ಥವಾಗಲಿಲ್ಲ. "ಎಂತ?"

"ಮೂರ್ ಸ್ಟಾರ್. ನಾ ಬರದ್ದ್. ಆ ಹೆಣ್ಣಿಗೆ ಎಂತ ಹೇಳ್ಬೇಡಿ." ಫೋನು ತೆಗೆದು ದಾಸವಾಳದ ಚಿತ್ರ ತೋರಿಸಿದ.

ಸಿಟ್ಟಿನಲ್ಲಿ ಸಣ್ಣ ಧಣಿಯ ಮಂಗಳೂರು ಮಾತು ಬಿಟ್ಟುಹೋಗಿ ಊರ ಮಾತು ಬಂತು. "ನಿಂಗೆ ಕೂಕಂಬುಕೆ ಜಾಗ ಇತ್ತಲೆ! ಫ್ಯಾನೂ ಇತ್. ನಿಂಗೆಂತ ಆದ್ದ್?"

"ಅದಕ್ಕೇ ಬರದ್ದ್" ಅಂದ ಟೈಲರ್. "ನಾ ಒಬ್ಬ ಕೂಕಂಡ್, ಎದ್ರಿಗೆ ಇವ್ರ್ ಇಡೀ ದಿನ ನಿತ್ಕಂಡ್. ಕಂಡೂ ಕಂಡೂ ಸಾಕಾಯ್ತ್. ನಿಮ್ಗೆ ಬಾಯಲ್ ಹೇಳುಕೆ ಹೆದ್ರಿಕಿ ಆಯ್ತ್, ಅದ್ರಗೆ ಬರ್ದೆ. ಬಟ್ಟಿಗೆ ಮೂರ್ ಕೊಟ್ಟಿದ್ನಲೆ, ಸುಳ್ಳ್ ಹೇಳ್ಲಿಲ್ಲ."

ಎಲ್ಲರೂ ದೊಡ್ಡ ಧಣಿಯ ಕಡೆ ನೋಡಿದೆವು. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು, "ಊಟ ಆಯ್ತಾ ಎಲ್ಲರ್ದೂ? ಆಗ್ದಿದ್ದವ್ರ್ ಹೋಯ್ನಿ" ಅಂದರು. ಬೇರೆ ಏನೂ ಇಲ್ಲ. ಸಾಲಿಗ್ರಾಮದವಳ ಕೆಲಸ ಹೋಗಲಿಲ್ಲ. ಸಣ್ಣ ಧಣಿ ಅವಳ ಹತ್ತಿರ ಕ್ಷಮೆ ಕೇಳಿದ್ದನ್ನೂ ನಾನು ಕಾಣೆ.

ತಿಂಗಳ ಕೊನೆಗೆ ಟೈಲರ್ ಮಿಷನ್ ಎತ್ತಿಕೊಂಡು ಹೋದ. ಮೆಟ್ಟಿಲ ಕೆಳಗೆ ಸ್ಟಾಕ್ ಇಡಬೇಕು, ಜಾಗ ಬೇಕು ಅಂದಿದ್ದರಂತೆ. ರಸ್ತೆಯ ಆಚೆ ಒಂದು ಬೇಕರಿಯ ಪಕ್ಕದ ಸಣ್ಣ ಕೋಣೆ ಹಿಡಿದ. ದೊಡ್ಡಕ್ಕ ಫಾಲ್ ಬೇಕೆಂದ ಗಿರಾಕಿಗಳನ್ನೆಲ್ಲ ತಗ್ಗಿದ ದನಿಯಲ್ಲಿ ಅಲ್ಲಿಗೇ ಕಳಿಸುತ್ತಿದ್ದಳು.

ಅವನು ಹೋದ ಮರುವಾರ ಒಂದು ಬೆಳಿಗ್ಗೆ ಅಂಗಡಿಗೆ ಬಂದರೆ ಕೌಂಟರಿನ ಹಿಂದೆ ಕೆಂಪು ಪ್ಲಾಸ್ಟಿಕ್ ಸ್ಟೂಲುಗಳು. ಯಾರು ತರಿಸಿದರು ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೂರಲೂ ಇಲ್ಲ. ಕ್ಯಾಮೆರಾ ನೇರ ಮೇಲಿತ್ತು. ಯಾರು ಎಷ್ಟು ಹೊತ್ತು ಕೂರುತ್ತಾರೆಂದು ನೋಡಿ ಸಂಬಳದಲ್ಲಿ ಹಿಡಿಯಲಿಕ್ಕೆ ಎಂದು ಒಬ್ಬಳು ಹೇಳಿದಳು. ಲೇಬರ್ ಆಫೀಸಿನವರು ಬರುತ್ತಾರಂತೆ, ಅವರಿಗೆ ತೋರಿಸಲಿಕ್ಕೆ ಎಂದು ಇನ್ನೊಬ್ಬಳು. ಫೋಟೋ ತೆಗೆದು ಮ್ಯಾಪಿಗೆ ಹಾಕಿ ವಾಪಸ್ ಕೊಡುತ್ತಾರೆ ಎಂದು ನಾನು. ದೊಡ್ಡಕ್ಕ ಸ್ಟೂಲಿನ ಮೇಲೆ ಲಂಗದ ಬಟ್ಟೆಯ ಕಟ್ಟು ಇಟ್ಟಳು. ನಾವು ನಮ್ಮ ಸ್ಟೂಲುಗಳ ಮೇಲೆ ಹತ್ತಿ ಮೇಲಿನ ಕಪಾಟಿನಿಂದ ಸೀರೆ ತೆಗೆದೆವು. ಕೂರುವುದೊಂದು ಬಿಟ್ಟು ಬೇರೆಲ್ಲ ಕೆಲಸಕ್ಕೂ ಬಳಸಿದೆವು.

ಕೊನೆಗೆ ನಾವು ಕೂತದ್ದು ಕರೆಂಟು ಹೋದಾಗ. ಜೋರು ಗಾಳಿ ಮಳೆ, ಇನ್ವರ್ಟರೂ ಕೈಕೊಟ್ಟು ಅಂಗಡಿಯೆಲ್ಲ ಕತ್ತಲೆ. ಕರೆಂಟಿಲ್ಲದಿದ್ದರೆ ಕ್ಯಾಮೆರಾ ಕುರುಡು ಎಂಬುದು ನಮ್ಮ ಲೆಕ್ಕ. ಮೊದಲು ದೊಡ್ಡಕ್ಕ ಕಟ್ಟು ಕೆಳಗಿಳಿಸಿ ಕೂತಳು. ಸ್ಟೂಲು ಕಿರ್ರೆಂದಿತು. ಆಮೇಲೆ ಒಬ್ಬೊಬ್ಬರೇ ತಡಕಾಡಿಕೊಂಡು ಕೂತೆವು. ಸೊಂಟದಿಂದ ಹಿಮ್ಮಡಿಯವರೆಗೆ ಏನೋ ಇಳಿದು ಹೋದಂತಾಯಿತು. ಫಕ್ಕನೆ ಕರೆಂಟು ಬಂತು. ನಾವೆಲ್ಲ, ಕ್ಲಾಸಿಗೆ ಮಾಸ್ಟ್ರು ಬಂದ ಹಾಗೆ, ಒಟ್ಟಿಗೆ ಎದ್ದು ನಿಂತೆವು.

ದೊಡ್ಡ ಧಣಿ ತಲೆ ಎತ್ತದೆಯೇ ಅಂದರು, "ಕೂಕಣಿ, ಕೂಕಣಿ. ಗಿರಾಕಿ ಬಂದ್ರೆ ಎದ್ರೆ ಸಾಕ್."

ಕೂತೆವು. ಆದರೆ ಸೊಂಟದ ಅರ್ಧ ಭಾಗ ಮಾತ್ರ ಊರಿ.

ಸಾಲಿಗ್ರಾಮದವಳು ಆ ಮಳೆಗಾಲ ಮುಗಿಯುವ ಮೊದಲೇ ಕೆಲಸ ಬಿಟ್ಟಳು. ಬ್ರಹ್ಮಾವರದಲ್ಲಿ ಒಂದು ದೊಡ್ಡ ಕಂಪೆನಿಯ ಶೋರೂಮಿನಲ್ಲಿ ಬಿಲ್ಲಿಂಗಿಗೆ ಸೇರಿದ್ದಾಳೆಂದು ದೊಡ್ಡಕ್ಕ ಹೇಳಿ ಗೊತ್ತಾಯಿತು. ಹೋಗುವ ದಿನ ಅವಳು ಎಲ್ಲರಿಗೂ ಹೇಳಿ ಹೋದಳು, ನನ್ನ ಹತ್ತಿರ ಬಂದಾಗ "ಬತ್ತೆ" ಅಂತಷ್ಟೇ. ಅವಳು ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ. ಅದು ಇಬ್ಬರಿಗೂ ಗೊತ್ತಾಗಿತ್ತು. ಆದರೆ ಯಾರು ಯಾರ ಮೇಲೆ ಏನು ಹೇಳಿದ್ದರು ಎಂಬುದು ಗೊತ್ತಾಗದೆ ಉಳಿದಿತ್ತು.

ಎರಡು ವರ್ಷದ ಮೇಲೆ ನಾನೂ ಆ ಅಂಗಡಿ ಬಿಟ್ಟೆ. ಉಡುಪಿಯ ಕಡೆ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ ಸಿಕ್ಕಿತ್ತು. ಒಂದು ಸಂಜೆ ಊರಿಗೆ ಬರುವ ಬಸ್ಸಿನಲ್ಲಿ ನಿಂತಿದ್ದೆ. ಬ್ರಹ್ಮಾವರದಲ್ಲಿ ಅವಳು ಹತ್ತಿದಳು. ಇಬ್ಬರಿಗೂ ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಒಂದು ಸೀಟು ಖಾಲಿಯಾದಾಗ, "ಬಾ, ಇಬ್ರೂ ಹಿಡಿತ್ರ್" ಎಂದು ಅವಳೇ ನನ್ನ ಕೈ ಎಳೆದಳು.

ಸ್ವಲ್ಪ ಹೊತ್ತು ಮಕ್ಕಳು ಮರಿ ಮಾತಾಡಿದೆವು. ಆಮೇಲೆ ನಾನು ಕೇಳಿಯೇಬಿಟ್ಟೆ. "ಆಗ ನೀ ಸಣ್ಣ ಧಣಿ ಹತ್ರ ನನ್ ಹೆಸ್ರ್ ಹೇಳಿದ್ಯಾ?"

ಅವಳು ನನ್ನನ್ನು ಪೂರ್ತಿ ತಿರುಗಿ ನೋಡಿದಳು. "ನಂಗೆ ಗೋದಾಮಿಗ್ ಕರ್ದ್ ಹೇಳ್ದ, ನಿನ್ ಫ್ರೆಂಡ್ ಎಲ್ಲ ಹೇಳಿದ್ಲ್ ಅಂದೇಳಿ. ನಾ ಎಂತದೂ ಹೇಳ್ಲಿಲ್ಲ. ನೀನೇ ಹೇಳಿದ್ದ್ ಅಂದೇಳಿ ಇಷ್ಟ್ ವರ್ಷ…"

"ನಂಗೂ ಹಾಂಗೇ ಹೇಳ್ದ" ಅಂದೆ.

ಕೋಟ ದಾಟುವವರೆಗೆ ಇಬ್ಬರೂ ನಕ್ಕೆವು ಅನ್ನಲಾರೆ. ಅವಳು ಒಮ್ಮೆ ನಕ್ಕಳು, ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಕೂತಳು. ಸಾಲಿಗ್ರಾಮ ಯಾವಾಗಲೋ ಹಿಂದೆ ಹೋಗಿತ್ತು. ಮದುವೆಯಾಗಿ ಈಗ ಕುಂದಾಪುರದ ಹತ್ತಿರವೇ ಮನೆ ಅಂದಳು.

ಅವಳ ಶೋರೂಮಿನಲ್ಲಿ ಈಗ ತಿಂಗಳಿಗೊಮ್ಮೆ ಫೋನಿಗೆ ಐದು ಮುಖದ ಚಿತ್ರ ಬರುತ್ತದಂತೆ. ಅಳುವ ಮುಖದಿಂದ ಹಿಡಿದು ಹಲ್ಲು ಕಿರಿದ ಮುಖದವರೆಗೆ. ಇಲ್ಲಿ ಕೆಲಸ ಮಾಡುವುದು ಹೇಗನ್ನಿಸುತ್ತದೆ, ಒಂದನ್ನು ಒತ್ತಿ, ನಿಮ್ಮ ಹೆಸರು ಯಾರಿಗೂ ತಿಳಿಯುವುದಿಲ್ಲ ಎಂದು ಬರೆದಿರುತ್ತದಂತೆ.

"ನೀ ಯಾವ್ದ್ ಒತ್ತುದ್?"

"ಹಲ್ಲ್ ಕಿರದ್ದ್" ಅಂದಳು. "ಒತ್ತಿದ್ದ್ ಯಾರ್ ಅಂದೇಳಿ ತಿಳುದಿಲ್ಲೆ ಅಂಬ್ರ್. ಆದ್ರೆ ಒತ್ತದಿದ್ರೆ ಮರ್ದಿನ ನನ್ನ ನಂಬ್ರಿಗೇ ನೆನ್ಪ್ ಮಾಡುಕೆ ಮೆಸೇಜ್ ಬತ್ತ್. ನೀನೇ ಹೇಳ್."

ಆಮೇಲೆ ದನಿ ಇಳಿಸಿ ಕೇಳಿದಳು, "ನಿನ್ ಆಸ್ಪತ್ರಿ ಹೇಂಗಿತ್ತ್? ಒಳ್ಳೇದಾ?"

ಒಳ್ಳೆಯದೇ ಇತ್ತು, ಸುಮಾರು ಮಟ್ಟಿಗೆ. ಡಾಕ್ಟರು ಒಳ್ಳೆಯವರು. ಒಂದೆರಡು ವಿಷಯ ಹೇಳುವುದೂ ಇತ್ತು. ಬಾಯಿ ತೆರೆದೆ. ನಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸಿನ ಮಡಿಲಲ್ಲಿ ನಮ್ಮ ಆಸ್ಪತ್ರೆಯ ಔಷಧದ ಚೀಲ ಕಂಡಿತು.

"ಅಡ್ಡಿಲ್ಲೆ" ಅಂದೆ.

ಅವಳು ಹಿಂದೆ ತಿರುಗಿ ನೋಡಿ, ಮತ್ತೆ ನನ್ನನ್ನು ನೋಡಿ, ತಲೆ ಆಡಿಸಿದಳು. ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸು ನಿಂತಾಗ ಅವಳು ಇಳಿದಳು. ಕೆಳಗಿನಿಂದ ಕಿಟಕಿ ತಟ್ಟಿ, ನಂಬರ್ ಕೊಡು ಎಂದು ಕೈಸನ್ನೆ ಮಾಡಿದಳು. ನಾನು ಒಂದೊಂದೇ ಅಂಕಿ ಹೇಳಿದೆ. ಪೂರ್ತಿ ಹೇಳುವ ಮೊದಲೇ ಬಸ್ಸು ಹೊರಟಿತು. ಅವಳು ನಾಲ್ಕು ಹೆಜ್ಜೆ ಬಸ್ಸಿನ ಜೊತೆಗೇ ಓಡಿ ಬಂದು ಉಳಿದ ಅಂಕಿಗಳನ್ನು ಕೇಳಿಸಿಕೊಂಡಳು.